ಒಂದು ಕ್ಯಾನ್ ನೀರಲ್ಲಿ ಇಡೀ ಭೂಮಿಯ ಲೆಕ್ಕ

ಭೂಮಿಯ ಮೇಲೆ ನೂರಕ್ಕೆ 71 ಭಾಗ ನೀರೇ ಅಂತ ಓದಿದ ಕೋಲಾರದ ಮಗು, ‘ಮತ್ತೆ ನಮ್ಮೂರಿಗ್ಯಾಕೆ ಟ್ಯಾಂಕರ್?’ ಅಂತ ಕೇಳದೇ ಇರುತ್ತದಾ? ಬಾಯಲ್ಲಿ ಹೇಳುವುದಕ್ಕಿಂತ ಅಳೆದು ತೋರಿಸಿ. 20 ಲೀಟರಿನ ನೀರಿನ ಕ್ಯಾನ್, ಅಳತೆಯ ಗೆರೆಗಳಿರುವ ಪಾತ್ರೆ, ಗಾಜಿನ ಲೋಟಗಳು, ಸೂಜಿಯಿಲ್ಲದ ಸಿರಿಂಜ್, ಒಂದು ಹಿಡಿ ಜಲ್ಲಿ ಇದ್ದರೆ ಸಾಕು.

ತುಂಬಿದ ಕ್ಯಾನೇ ಭೂಮಿಯ ಒಟ್ಟು ನೀರು ಅಂದುಕೊಳ್ಳಿ. ನಿಜವಾದ ಲೆಕ್ಕ ಸುಮಾರು 138 ಕೋಟಿ ಘನ ಕಿಲೋಮೀಟರ್.

ಅದರಿಂದ ಅರ್ಧ ಲೀಟರ್ ತೆಗೆಯಿರಿ. ಸಿಹಿನೀರು ಇಷ್ಟೇ. ಉಳಿದದ್ದೆಲ್ಲ ಉಪ್ಪುನೀರು, ಹೆಚ್ಚುಕಡಿಮೆ ಪೂರ್ತಿ ಸಮುದ್ರದ್ದು. ರುಚಿ ತೋರಿಸಬೇಕಿದ್ದರೆ 200 ಮಿಲಿಲೀಟರ್ ನೀರಿಗೆ 7 ಗ್ರಾಂ ಉಪ್ಪು ಕಲಸಿ. ಇಡೀ ಕ್ಯಾನಿಗೆ ಸುರಿಯಬೇಡಿ, ನಮ್ಮ ಕಡೆ ಅಷ್ಟು ನೀರು ಹಾಳು ಮಾಡಿದರೆ ಮನೆಯವರು ಸುಮ್ನೆ ಬಿಡಲ್ಲ.

ಆ ಅರ್ಧ ಲೀಟರಿನಲ್ಲಿ 345 ಮಿಲಿಲೀಟರ್ ಫ್ರೀಜರಿಗೆ ಹೋಗಲಿ. ಅದು ಅಂಟಾರ್ಕ್ಟಿಕಾ, ಗ್ರೀನ್‌ಲ್ಯಾಂಡ್, ಹಿಮಾಲಯಗಳ ಹಿಮ.

ಈಗ ಸಿರಿಂಜಿನಲ್ಲಿ ಒಂದೂವರೆ ಮಿಲಿಲೀಟರ್ ಎಳೆಯಿರಿ. ಸುಮಾರು 30 ಹನಿ. ಜಗತ್ತಿನ ಸಿಹಿನೀರಿನ ಕೆರೆ, ಸರೋವರ, ನದಿ ಎಲ್ಲ ಇದರೊಳಗೇ ಬಂತು. ಅಮೆಜಾನ್, ಗಂಗೆ, ಕಾವೇರಿ ಸೇರಿ ಎಲ್ಲ ನದಿಗಳ ಪಾಲು ಒಂದು ಹನಿಯೂ ಇಲ್ಲ! ಗಾಳಿಯಲ್ಲಿರುವ ಆವಿ, ಮೋಡ ಅದಕ್ಕಿಂತ ಜಾಸ್ತಿ, ಸುಮಾರು 4 ಹನಿ. ಪಾಲಾರ್, ಪಿನಾಕಿನಿ ಹುಟ್ಟುವುದು ನಂದಿ ಬೆಟ್ಟದ ಆಸುಪಾಸಿನಲ್ಲೇ. ಆದರೂ ವರ್ಷಪೂರ್ತಿ ಹರಿಯುವ ಹೊಳೆ ನಮಗಿಲ್ಲ.

ಪಾತ್ರೆಯಲ್ಲಿ ಉಳಿದದ್ದು ಸುಮಾರು 150 ಮಿಲಿಲೀಟರ್. ಇದೇ ಅಂತರ್ಜಲ, ಕೋಲಾರ ನೆಚ್ಚಿಕೊಂಡಿರುವ ನೀರು. ಇಲ್ಲಿ ಸ್ವಲ್ಪ ನಿಧಾನಿಸಿ. ಒಂದು ಲೋಟಕ್ಕೆ ಜಲ್ಲಿ ತುಂಬಿ ನೀರು ಹುಯ್ಯಿರಿ. ಸಂದುಗಳಲ್ಲಿ ಸಾಕಷ್ಟು ನೀರು ಹಿಡಿಯುತ್ತದೆ. ಮೇಲುಪದರದ ಶಿಥಿಲ ಬಂಡೆ ಹೀಗೆ. ಹಳೇ ತೆರೆದ ಬಾವಿಗಳಿಗೆ ನೀರು ಬರುತ್ತಿದ್ದದ್ದು ಅಲ್ಲಿಂದ. ಇನ್ನೊಂದು ಲೋಟಕ್ಕೆ ಒಳಗೆ ಬಿಗಿಯಾಗಿ ಕೂರುವಂಥ ಒಂದೇ ದೊಡ್ಡ ಕಲ್ಲು ಹಾಕಿ ಹುಯ್ಯಿರಿ. ಅಂಚಿನಲ್ಲಷ್ಟೇ ನೀರು. ಆಳದ ಗಟ್ಟಿ ಬಂಡೆಯಲ್ಲೂ ಹಾಗೇ, ನೀರು ಸಿಗುವುದು ಬಿರುಕಿದ್ದ ಕಡೆ ಮಾತ್ರ. ಪಕ್ಕದ ತೋಟದ ಬೋರ್‌ವೆಲ್‌ನಲ್ಲಿ ನೀರು ಬಂದು, ನಮ್ಮದರಲ್ಲಿ ಸಾವಿರ ಅಡಿ ಹೋದರೂ ಬರೀ ಧೂಳು ಬರುವುದು ಇದಕ್ಕೇ.

ಆಳದ ನೀರಿಗೆ ಇನ್ನೊಂದು ತೊಂದರೆ ಇದೆ. ಬಂಡೆಯ ಜೊತೆ ಬಹುಕಾಲ ಇದ್ದ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕುದಿಸಿದರೆ ಅದು ಹೋಗಲ್ಲ, ನೆನಪಿರಲಿ.

ಕೆರೆಯ ಕೆಲಸವನ್ನೂ ಜಲ್ಲಿ ಲೋಟದಲ್ಲೇ ತೋರಿಸಬಹುದು. ಸಿರಿಂಜಿನಿಂದ ಅಡಿಯ ನೀರು ಎಳೆಯಿರಿ, ಮೇಲಿಂದ ಚಮಚದಲ್ಲಿ ಹಾಕುತ್ತಿರಿ. ಎಳೆದಷ್ಟು ಹಾಕಿದರೆ ಮಟ್ಟ ಇಳಿಯಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ಬಿಡುತ್ತಿರುವುದೂ ಹೀಗೆ ಅಂತರ್ಜಲ ತುಂಬಿಸುವುದಕ್ಕೇ.

ಎಲ್ಲ ಮುಗಿದ ಮೇಲೆ ಉಪ್ಪು ನೀರನ್ನು ಬಚ್ಚಲಿಗೆ ಚೆಲ್ಲಿ, ಗಿಡಕ್ಕೆ ಬೇಡ. ಜಲ್ಲಿ ನೀರು ಗಿಡಕ್ಕೆ ಆಗುತ್ತದೆ. ಕ್ಯಾನಿನ ನೀರು ಹೇಗೂ ಶುದ್ಧವಾಗೇ ಇದೆ, ಅಡುಗೆಗೆ ಬಳಸಿ.