ಮಲೆನಾಡಿಗೆ ಹೋದರೆ ಮಲೆನಾಡಿನ ಊಟ ಸಿಗುವುದು ಹೇಗೆ?

ಎರಡು ವರ್ಷದ ಹಿಂದೆ, ಜುಲೈ ತಿಂಗಳು. ಚಿಕ್ಕಮಗಳೂರಿನ ಹತ್ತಿರ ಒಂದು ಹೋಮ್‌ಸ್ಟೇಯಲ್ಲಿ ಉಳಿದಿದ್ದೆವು. ಹೊರಗೆ ಬಿಡದ ಮಳೆ. ಅಂಗಳದ ಮರದ ಕವಲಲ್ಲಿ ಮರಕೆಸು ದಟ್ಟವಾಗಿ ಬೆಳೆದಿತ್ತು. ಊಟಕ್ಕೆ ಬಂದಿದ್ದು ಮಾತ್ರ ಗೋಬಿ ಮಂಚೂರಿ, ಪನೀರ್. ಬೇಜಾರಾಯ್ತು. ಅಡುಗೆ ಮಾಡಿದ ಅಮ್ಮನನ್ನು ಕೇಳಿದೆ. "ಬಂದೋರೆಲ್ಲ ಇದನ್ನೇ ಕೇಳ್ತಾರೆ. ನಿನ್ನೆ ಒಂದು ಮಾತು ಹೇಳಿದ್ರೆ ಪತ್ರೊಡೆ ಮಾಡ್ತಿದ್ದೆ" ಅಂದರು. ಅದೇ ಮರಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಸವರಿ, ಸುತ್ತಿ ಬೇಯಿಸುವ ತಿಂಡಿ ಅದು.

ಅವತ್ತಿನಿಂದ ನಾನು ಊಟದ ವಿಷಯವನ್ನು ಹೊರಡುವ ಮೊದಲೇ ಮಾತಾಡುತ್ತೇನೆ. ನೀವೂ ಹಾಗೇ ಮಾಡಿ.

ಮೊದಲು, ಹೋಗುತ್ತಿರುವುದು ಯಾವ ಸೀಮೆಗೆ ಅಂತ ನೋಡಿಕೊಳ್ಳಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಅಕ್ಕಿಯದೇ ಅಡುಗೆ: ಕಡುಬು, ಅಕ್ಕಿ ರೊಟ್ಟಿ. ಅರಸೀಕೆರೆ, ಕಡೂರು ಕಡೆ ರಾಗಿ, ತೆಂಗು. ಅಲ್ಲಿ ಮುದ್ದೆ, ಬಸ್ಸಾರು ಕೇಳಿ. ಕಡೂರಿನಲ್ಲಿ ಕಳಲೆ (ಬಿದಿರಿನ ಎಳೆ ಮೊಳಕೆ) ಹುಡುಕಿದರೆ ಸುಮ್ನೆ ಸುತ್ತಾಟ ಅಷ್ಟೇ.

ಆಮೇಲೆ ತಿಂಗಳು ನೋಡಿ. ಬೇಸಿಗೆ ಮುಗಿಯುವ ಹೊತ್ತಿಗೆ ಹಲಸು. ಮಳೆ ಹಿಡಿದ ಮೇಲೆ ಕಳಲೆ, ಅಣಬೆ, ಮರಕೆಸು. ಚಳಿ ಶುರುವಾದರೆ ಹಾಸನದ ಕಡೆ ಸೊಗಡಿನ ಅವರೆಕಾಯಿ, ಹಿತಕಿದ ಬೇಳೆ ಸಾರು. ಡಿಸೆಂಬರ್‌ನಲ್ಲಿ ಪತ್ರೊಡೆ ಕೇಳಿದರೆ ಎಲ್ಲಿಂದ ತರ್ತಾರೆ, ಅಲ್ವಾ?

ಈಗ ಉಳಿಯುವ ಹೋಮ್‌ಸ್ಟೇಗೆ ಫೋನ್ ಮಾಡಿ. "ಏನೇನು ಸಿಗುತ್ತೆ?" ಅಂತ ಕೇಳಬೇಡಿ. ಕೇಳಿದರೆ ಚಪಾತಿ, ಪನೀರ್, ಫ್ರೈಡ್ ರೈಸ್ ಪಟ್ಟಿ ಬರುತ್ತೆ. "ಈ ವಾರ ನಿಮ್ಮ ಮನೇಲಿ ಏನು ಮಾಡ್ಕೊಂಡು ತಿಂತಿದ್ದೀರಿ? ನಮಗೂ ಅದೇ ಇರಲಿ" ಅನ್ನಿ. ಹೀಗೆ ಮೊದಲೇ ಹೇಳುವುದಕ್ಕೆ ಕಾರಣ ಇದೆ. ಪತ್ರೊಡೆಗೆ ಅಕ್ಕಿ ನೆನೆಯಬೇಕು, ಎಲೆ ಕೊಯ್ದು ನಾರು ತೆಗೆಯಬೇಕು. ಕಳಲೆಗೆ ಇನ್ನೂ ಜಾಸ್ತಿ ಟೈಮ್ ಬೇಕು. ಬಿದಿರಿನ ಎಳೆ ಮೊಳಕೆಯನ್ನು ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸುತ್ತಾ ಎರಡು-ಮೂರು ದಿನ ಇಡುತ್ತಾರೆ. ಅದರ ಕಹಿ, ವಿಷದ ಅಂಶ ಹೋಗುವುದು ಹಾಗೆ. ಇಷ್ಟು ಕೆಲಸ ಇರುವ ಅಡುಗೆಗೆ ದಯವಿಟ್ಟು ಚೌಕಾಸಿ ಮಾಡಬೇಡಿ.

ಊರಿನ ಸಂತೆ ಯಾವ ವಾರ ಅಂತಲೂ ಅದೇ ಫೋನಿನಲ್ಲಿ ಕೇಳಿಕೊಳ್ಳಿ. ಸಂತೆಯಲ್ಲಿ ದೊಡ್ಡ ರಾಶಿಗಳನ್ನು ದಾಟಿ ಅಂಚಿಗೆ ಹೋಗಿ. ಗೋಣಿ ಹಾಸಿಕೊಂಡು ನಾಲ್ಕು ಕಟ್ಟು ಸೊಪ್ಪು, ಒಂದು ಬುಟ್ಟಿ ಸೂಜಿಮೆಣಸು, ಒಣಗಿಸಿದ ವಾಟೆಹುಳಿ ಇಟ್ಟುಕೊಂಡು ಕೂತವರು ಅಲ್ಲಿರುತ್ತಾರೆ. "ಇದು ನಿಮ್ಮ ಹಿತ್ತಿಲದ್ದಾ?" ಅಂತ ಕೇಳಿ ನೋಡಿ. ಒಂದೆಲಗದ ತಂಬುಳಿ ಹೇಗೆ ಮಾಡುವುದು ಅಂತ ನನಗೆ ಹೇಳಿಕೊಟ್ಟಿದ್ದು ಹೀಗೆ ಕೂತಿದ್ದ ಒಬ್ಬ ಅಜ್ಜಿ.

ಹೊರನಾಡು, ಶೃಂಗೇರಿ ಕಡೆ ಹೋದರೆ ದೇವಸ್ಥಾನದ ಊಟ ಬಿಡಬೇಡಿ.

ಕಾಫಿ ಪುಡಿ ಕೊಳ್ಳುವಾಗ ಚಿಕೋರಿ ಎಷ್ಟಿದೆ ಅಂತ ಕೇಳಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ ಟ್ಯಾಗ್ (ಇದು ಆ ಸೀಮೆಯದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿದೆ. ಮರದ ನೆರಳಲ್ಲಿ ಬೆಳೆದ ಆ ಕಾಫಿಯ ರುಚಿ ಗೊತ್ತಾಗಬೇಕಾದರೆ ಮೊದಲ ಸಲ ಬರೀ ಕಾಫಿ ಪುಡಿ, ಸ್ವಲ್ಪ ಬೆಲ್ಲ ಹಾಕಿ ಕುಡಿದು ನೋಡಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಯಾರಾದರೂ "ಕಾಡಿನ ಮಾಂಸ ಇದೆ, ಬೇಕಾ?" ಅಂದರೆ ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಕೇಳುವವರು ಇರುವವರೆಗೂ ಕಾಡಿನಲ್ಲಿ ಉರುಳು ಹಾಕುವವರೂ ಇರುತ್ತಾರೆ. ಮಲೆನಾಡಿನ ಊಟಕ್ಕೆ ಅದು ಬೇಕಾಗಿಯೇ ಇಲ್ಲ.

ಕಳೆದ ಮಳೆಗಾಲದಲ್ಲಿ ಅದೇ ಮನೆಗೆ ಮತ್ತೆ ಹೋದೆವು, ಈ ಸಲ ಎರಡು ದಿನ ಮೊದಲೇ ಫೋನ್ ಮಾಡಿ. ಅಮ್ಮ ಎಲೆಯ ಹಿಂಬದಿಗೆ ಹಿಟ್ಟು ಸವರಿ, ಮೇಲೆ ಇನ್ನೊಂದು ಎಲೆ ಇಟ್ಟು, ಮತ್ತೆ ಸವರಿ ಸುರುಳಿ ಸುತ್ತುತ್ತಿದ್ದರು. "ಹುಳಿ ಕಮ್ಮಿಯಾದ್ರೆ ಗಂಟಲು ಕೆರೆಯುತ್ತೆ" ಅಂತ ಹಿಟ್ಟಿಗೆ ಇನ್ನಷ್ಟು ಹುಣಸೆಹಣ್ಣಿನ ರಸ ಹಾಕಿದರು. ಬೇಯಿಸಿ, ಬಿಲ್ಲೆ ಮಾಡಿ, ಕೊಬ್ಬರಿ ಎಣ್ಣೆಯಲ್ಲಿ ಕಾವಲಿ ಮೇಲೆ ಹುರಿದು ಕೊಟ್ಟರು. ನಾನು ಐದು ತಿಂದೆ.