ಮೊಣಗಂಟು ನೋವಿದ್ದರೆ ಜಿಮ್ ಸೇರುವ ಮೊದಲು: ಟ್ರೇನರ್ ಯಾರು, ಕಿನಿಸಿಯಾಲಜಿಸ್ಟ್ ಯಾರು?

ಕಳೆದ ವರ್ಷ ಆಟಿ ತಿಂಗಳ ಮಳೆಗೆ ನಮ್ಮ ಮನೆಯ ಕೆಂಪುಕಲ್ಲಿನ ಮೆಟ್ಟಿಲು ಪಾಚಿ ಹಿಡಿದಿತ್ತು. ಬೆಳಿಗ್ಗೆ ಹಾಲು ತರಲು ಇಳಿದವಳು ಜಾರಿ ಬಿದ್ದೆ. ಬಲಗಾಲು ಉಳುಕಿತು. ಎರಡು ವಾರ ಊತ ಇತ್ತು, ಆಮೇಲೆ ಇಳಿಯಿತು. ಕುಂಟದೆ ನಡೆಯಲು ಬಂತಲ್ಲ, ವಾಸಿಯಾಯಿತು ಅಂದುಕೊಂಡೆ. ದೀಪಾವಳಿ ಕಳೆದ ಮೇಲೆ ತೂಕ ಇಳಿಸಲು ಜಿಮ್ ಸೇರಿದೆ. ಪರ್ಸನಲ್ ಟ್ರೇನರ್ ಒಬ್ಬರನ್ನೂ ಗೊತ್ತುಮಾಡಿಕೊಂಡೆ. ಒಳ್ಳೆಯವರು. ಬೆಳಿಗ್ಗೆ ಆರು ಗಂಟೆಗೆ ನನಗಿಂತ ಮೊದಲೇ ಬಂದಿರುತ್ತಿದ್ದರು. ಐದನೇ ವಾರ ಲಂಜ್, ಅಂದರೆ ಒಂದು ಕಾಲು ಮುಂದಿಟ್ಟು ಮೊಣಗಂಟು ಮಡಚಿ ಕೆಳಗೆ ಇಳಿಯುವ ವ್ಯಾಯಾಮ, ಮಾಡುವಾಗ ಬಲ ಮೊಣಗಂಟಿನ ಮುಂದೆ ಚುಚ್ಚಲು ಶುರುವಾಯಿತು. ನಮ್ಮ ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಹಂಪನಕಟ್ಟೆ ಕಡೆ ನಡೆದು ಇಳಿಯುವುದೇ ಕಷ್ಟವಾಯಿತು. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ.

ಕಾಲು ಉಳುಕಿದ್ದನ್ನು ನಾನು ಟ್ರೇನರ್‌ಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಕೆನಡಾದಲ್ಲಿರುವ ಅಕ್ಕನ ಮಗಳಿಗೆ ಫೋನಿನಲ್ಲಿ ಹೇಳಿದಾಗ, "ಚಿಕ್ಕಮ್ಮ, ಮೊದಲು ಕಿನಿಸಿಯಾಲಜಿಸ್ಟ್ ಹತ್ತಿರ ತೋರಿಸ್ಬೇಕಿತ್ತು ನೀವು" ಅಂದಳು. ಮಂಗಳೂರಿನಲ್ಲಿ ಆ ಹೆಸರಿನ ಬೋರ್ಡ್ ನಾನು ನೋಡಿದವಳಲ್ಲ. ಹುಡುಕಿ, ಕೇಳಿ ತಿಳಿದದ್ದನ್ನು ನಿಮಗೆ ಬೇಕಾಗುವ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಯಾರು ಏನು ಓದಿದ್ದಾರೆ, ತಿಳಿದುಕೊಳ್ಳಿ

ಗ್ರೀಕ್ ಭಾಷೆಯಲ್ಲಿ ಕಿನೀಸಿಸ್ ಅಂದರೆ ಚಲನೆ. ಮೈ ಚಲಿಸುವಾಗ ಯಾವ ಸ್ನಾಯು ಎಳೆಯುತ್ತದೆ, ಯಾವ ಕೀಲು ಮಡಚುತ್ತದೆ, ಎಲ್ಲಿ ಭಾರ ಬೀಳುತ್ತದೆ, ಹೃದಯ ಹೇಗೆ ಸ್ಪಂದಿಸುತ್ತದೆ ಎಂದು ಓದುವ ವಿದ್ಯೆ ಕಿನಿಸಿಯಾಲಜಿ. ಕೆನಡಾದಲ್ಲಿ ಇದು ನಾಲ್ಕು ವರ್ಷದ ಪದವಿ. ಅಲ್ಲಿನ ಒಂಟಾರಿಯೊ ಪ್ರಾಂತ್ಯ 2007ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. 2013ರ ಏಪ್ರಿಲ್‌ನಿಂದ ಅಲ್ಲಿ ನೋಂದಣಿ ಆದವರು ಮಾತ್ರ ಕಿನಿಸಿಯಾಲಜಿಸ್ಟ್ ಎಂದು ಹೇಳಿಕೊಳ್ಳಬಹುದು. ಹೃದಯಾಘಾತ ಆದವರಿಗೆ ಮತ್ತೆ ವ್ಯಾಯಾಮ ಶುರುಮಾಡಿಸುವುದು, ಪೆಟ್ಟಾದ ಕಾರ್ಮಿಕರನ್ನು ಕೆಲಸಕ್ಕೆ ಮರಳಲು ತಯಾರು ಮಾಡುವುದು, ಕುಳಿತು ಮಾಡುವ ಕೆಲಸದ ಕುರ್ಚಿ ಮೇಜು ಸರಿಪಡಿಸುವುದು, ಇದೆಲ್ಲ ಅವರ ಕೆಲಸ. ಆದರೆ ಇದು ಇಂಥ ಕಾಯಿಲೆ ಎಂದು ಹೇಳುವ ಅಧಿಕಾರ ಅವರಿಗಿಲ್ಲ. ಅದು ಡಾಕ್ಟರ್, ಫಿಸಿಯೋಥೆರಪಿಸ್ಟ್‌ಗಳಿಗೆ ಬಿಟ್ಟದ್ದು.

ಪರ್ಸನಲ್ ಟ್ರೇನರ್ ಆಗಲು ಕೆನಡಾದಲ್ಲೂ ಲೈಸೆನ್ಸ್ ಬೇಕಿಲ್ಲ, ನಮ್ಮಲ್ಲೂ ಬೇಕಿಲ್ಲ. ಕೆಲವರು ತಿಂಗಳುಗಟ್ಟಲೆ ಓದಿ ಪರೀಕ್ಷೆ ಬರೆದಿರುತ್ತಾರೆ. ಕೆಲವರು ತಾವು ಮಾಡಿ ಕಲಿತದ್ದನ್ನೇ ಹೇಳಿಕೊಡುತ್ತಾರೆ. ಆರೋಗ್ಯವಾಗಿರುವ ಮೈಯನ್ನು ಗಟ್ಟಿಮಾಡುವುದು, ಭಾರ ಎತ್ತುವ ಕ್ರಮ ಕಲಿಸುವುದು, ಬಿಡದೆ ಮಾಡಿಸುವುದು ಅವರ ಕೆಲಸ. ಆ ಬಿಡದೆ ಮಾಡಿಸುವ ಗುಣ ಇದೆಯಲ್ಲ, ಅದು ದೊಡ್ಡದು. ಒಬ್ಬಳೇ ಆಗಿದ್ದರೆ ನಾನು ಹತ್ತನೇ ದಿನಕ್ಕೇ ನಿಲ್ಲಿಸುತ್ತಿದ್ದೆ.

ಹಾಗಾದರೆ ನಮ್ಮೂರಿನಲ್ಲಿ ಯಾರ ಹತ್ತಿರ ಹೋಗಬೇಕು? ಕಿನಿಸಿಯಾಲಜಿ ನಮ್ಮ ಫಿಸಿಯೋಥೆರಪಿ ಪದವಿಯ ಪಾಠದಲ್ಲೇ ಇದೆ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಬಿಪಿಟಿ ಓದಿದವರು ಈಗ ಕ್ಲಿನಿಕ್‌ಗಳಲ್ಲಿ ಇದ್ದಾರೆ. 2021ರ ಕೇಂದ್ರ ಕಾನೂನು ಅವರನ್ನು ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿದೆ. ಮಂಗಳೂರು, ಮಣಿಪಾಲ, ಮೂಡುಬಿದಿರೆಯಲ್ಲಿ ಫಿಸಿಯೋಥೆರಪಿ ಕಾಲೇಜುಗಳಿವೆ. ಆಸ್ಪತ್ರೆಗೆ ಸೇರಿದ ಕಾಲೇಜಾದರೆ ಹೊರರೋಗಿ ವಿಭಾಗಕ್ಕೆ ಹೋಗಿ ತೋರಿಸಬಹುದು. ಬಿಪಿಟಿ ಆದ ಮೇಲಿನ ಎಂಪಿಟಿ ಪದವಿಯಲ್ಲಿ ಸ್ಪೋರ್ಟ್ಸ್ ಅಥವಾ ಮಸ್ಕ್ಯುಲೋಸ್ಕೆಲಿಟಲ್ (ಎಲುಬು, ಕೀಲು, ಸ್ನಾಯು) ಓದಿದವರು ಇದ್ದಾರಾ ಎಂದು ಕೌಂಟರ್‌ನಲ್ಲೇ ಕೇಳಿ. ದೈಹಿಕ ಶಿಕ್ಷಣದ ಮೇಷ್ಟ್ರುಗಳೂ ಕಿನಿಸಿಯಾಲಜಿಯನ್ನು ಒಂದು ವಿಷಯವಾಗಿ ಓದಿರುತ್ತಾರೆ. ಆದರೆ ನೋವಿದ್ದವರನ್ನು ನೋಡುವ ತರಬೇತಿ ಅದಲ್ಲ.

ಹೆಜ್ಜೆ 2: ನಿಮ್ಮನ್ನೇ ಕೇಳಿಕೊಳ್ಳಿ

ಎದೆನೋವು ಬರುವುದುಂಟಾ? ತಲೆ ತಿರುಗಿ ಬಿದ್ದದ್ದುಂಟಾ? ಹೃದಯದ ತೊಂದರೆ ಇದೆ ಎಂದು ಡಾಕ್ಟರ್ ಹೇಳಿದ್ದಾರಾ? ಬಿಪಿಗೋ ಶುಗರ್‌ಗೋ ಮಾತ್ರೆ ನಡೆಯುತ್ತಿದೆಯಾ? ಎಲುಬು, ಕೀಲು, ಹಳೆಯ ಉಳುಕು ಏನಾದರೂ ಉಂಟಾ?

ಒಂದೂ ಇಲ್ಲವಾದರೆ ಟ್ರೇನರ್ ಸಾಕು. ಧೈರ್ಯವಾಗಿ ಶುರುಮಾಡಿ. ಒಂದಾದರೂ ಇದ್ದರೆ ಮೊದಲು ಡಾಕ್ಟರ್‌ಗೆ ತಿಳಿಸಿ, ಕೀಲಿನ ತೊಂದರೆಯಾದರೆ ಫಿಸಿಯೋಗೆ ತೋರಿಸಿ, ಆಮೇಲೆ ಜಿಮ್.

ಮಾತ್ರೆಯ ವಿಷಯ ಸುಮ್ನೆ ಹೇಳುತ್ತಿಲ್ಲ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆಗಳು ಹೃದಯದ ಬಡಿತ ಏರದಂತೆ ಹಿಡಿದಿಡುತ್ತವೆ. ಕೈಯ ವಾಚ್ 100 ತೋರಿಸುತ್ತಿದೆ, ಇನ್ನೂ ಜೋರಾಗಿ ಮಾಡಿ ಎಂದು ಟ್ರೇನರ್ ಹೇಳಬಹುದು. ಅಷ್ಟರಲ್ಲಿ ನಿಮಗೆ ಸುಸ್ತಾಗಿ ಹೋಗಿರುತ್ತದೆ. ಅಂಥವರು ವಾಚ್ ನೋಡುವುದಲ್ಲ, ಉಸಿರು ನೋಡಬೇಕು. ಪೂರ್ತಿ ವಾಕ್ಯ ಮಾತಾಡಲು ಬಂದರೆ ಸರಿ. ಹಾಗೆಯೇ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಂದು ಭಾರ ಎತ್ತಿದರೆ ಶುಗರ್ ಇಳಿದು ಕೈಕಾಲು ನಡುಗಬಹುದು. ಚಲನೆಯನ್ನು ವಿದ್ಯೆಯಾಗಿ ಓದಿದವರು ಇದನ್ನು ಮೊದಲ ದಿನವೇ ಕೇಳುತ್ತಾರೆ.

ಹೆಜ್ಜೆ 3: ಗೋಡೆಯ ಪರೀಕ್ಷೆ ಮಾಡಿ ನೋಡಿ

ಟ್ರೇನರ್‌ಗೂ ಫಿಸಿಯೋಗೂ ಇರುವ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾದದ್ದು ಇಲ್ಲಿ. ನಾನು ಹೋಗಿ ತೋರಿಸಿದ ಫಿಸಿಯೋ ಮೇಡಂ ನನ್ನ ಮೊಣಗಂಟನ್ನು ಮೊದಲು ಮುಟ್ಟಲೇ ಇಲ್ಲ. ಚಪ್ಪಲಿ ಬಿಚ್ಚಿಸಿ ಆಚೆ ಈಚೆ ನಡೆಸಿದರು. ಒಂದು ಗಿಡ್ಡ ಸ್ಟೂಲಿನಿಂದ ನಿಧಾನಕ್ಕೆ ಇಳಿಯಲು ಹೇಳಿದರು. ಆಮೇಲೆ, "ಹಿಂದೆ ಯಾವಾಗಾದ್ರೂ ಕಾಲು ಉಳುಕಿತ್ತಾ?" ಎಂದು ಕೇಳಿದರು. ನಾನು ದಂಗಾದೆ.

ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಪಾದ ನೇರ, ಹಿಮ್ಮಡಿ ನೆಲಕ್ಕೆ. ಹಿಮ್ಮಡಿ ಎತ್ತದೆ ಮೊಣಗಂಟನ್ನು ಗೋಡೆಗೆ ತಾಗಿಸಬೇಕು. ತಾಗಿದರೆ ಪಾದವನ್ನು ಸ್ವಲ್ಪ ಹಿಂದೆ ಸರಿಸಿ ಮತ್ತೆ ತಾಗಿಸಬೇಕು. ಇನ್ನು ಆಗುವುದಿಲ್ಲ ಅನ್ನುವಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ಅಂತರ ಇದೆ ಎಂದು ಅಳೆಯುವುದು. ನನ್ನ ಎಡಗಾಲಿಗೆ ಐದು ಬೆರಳಿನಷ್ಟು ಅಂತರ ಸಿಕ್ಕಿತು. ಬಲಗಾಲಿಗೆ ಬರೀ ಎರಡು.

ಇಳಿಯುವಾಗ ಹಿಂದೆ ಉಳಿದ ಕಾಲಿನ ಪಾದದ ಗಂಟು ಚೆನ್ನಾಗಿ ಮಡಚಬೇಕು. ಉಳುಕಿದ ಮೇಲೆ ನನ್ನದು ಬಿಗಿದುಕೊಂಡಿತ್ತು. ಅದು ಮಡಚದೇ ಇದ್ದಾಗ ಪಾದ ಒಳಕ್ಕೆ ಹೊರಳುತ್ತದೆ, ಮೊಣಗಂಟು ಹೆಬ್ಬೆರಳಿನ ಕಡೆ ವಾಲುತ್ತದೆ, ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ತೊಂದರೆ ಇದ್ದದ್ದು ಪಾದದಲ್ಲಿ, ನೋವು ಬಂದದ್ದು ಮೊಣಗಂಟಿನಲ್ಲಿ. ಟ್ರೇನರ್ ನೋಡಿದ್ದು ನಾನು ಎಷ್ಟು ಕೆಳಗೆ ಕೂತೆ ಎಂದು. ಇವರು ನೋಡಿದ್ದು ಕೂರುವಾಗ ಯಾವ ಕೀಲು ತನ್ನ ಪಾಲಿನ ಕೆಲಸ ಮಾಡಲಿಲ್ಲ ಎಂದು.

ಮನೆಯಲ್ಲಿ ನೀವೂ ಅಳೆದು ನೋಡಿ. ಎರಡು ಕಾಲಿಗೂ ಒಂದು ಬೆರಳಿನಷ್ಟು ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ. ತುಂಬ ವ್ಯತ್ಯಾಸ ಇದ್ದರೆ ಲಂಜ್, ಬಸ್ಕಿಯಂಥ ಸ್ಕ್ವಾಟ್‌ಗೆ ಮೊದಲು ತೋರಿಸಿಕೊಳ್ಳಿ. ಅಳೆಯುವಾಗಲೇ ನೋವಾದರೆ ಅಲ್ಲಿಗೇ ನಿಲ್ಲಿಸಿ.

ಹೆಜ್ಜೆ 4: ಟ್ರೇನರ್‌ನ್ನು ಕೇಳಿ, ನಾಚಿಕೊಳ್ಳಬೇಡಿ

ಎಲ್ಲಿ ಕಲಿತಿರಿ, ಪರೀಕ್ಷೆ ಇತ್ತಾ, ಯಾರಾದರೂ ಕುಸಿದು ಬಿದ್ದರೆ ಎದೆ ಒತ್ತಿ ಬದುಕಿಸುವ ಸಿಪಿಆರ್ ಕೊಡಲು ಬರುತ್ತದಾ ಎಂದು ಕೇಳಿ. ಕೊನೆಗೆ, "ನೋವು ಬಂದ್ರೆ ಏನ್ ಮಾಡಿಸ್ತೀರಿ?" ಎಂದು ಕೇಳಿ. "ನಿಲ್ಲಿಸಿ ತೋರಿಸಿಕೊಂಡು ಬನ್ನಿ" ಅಂದರೆ ಅವರನ್ನು ಬಿಡಬೇಡಿ. ಕಾಯಿಲೆಗೆ ಹೆಸರಿಟ್ಟು ತಾವೇ ಎಳೆದು ಸರಿಮಾಡುತ್ತೇನೆ ಅನ್ನುವವರು, ಮಾತ್ರೆ ನಿಲ್ಲಿಸಿ ಅನ್ನುವವರು ಬೇಡ.

ಹೆಜ್ಜೆ 5: ಹೆಸರಿಗೆ ಮೋಸಹೋಗಬೇಡಿ

ಆಟಗಾರರು ಅಂಟಿಸಿಕೊಳ್ಳುವ ಬಣ್ಣದ ಪಟ್ಟಿಗೆ ಕಿನಿಸಿಯಾಲಜಿ ಟೇಪ್ ಎಂದು ಹೆಸರು. ಅದನ್ನು ತಂದವರು ಜಪಾನಿನ ಕೆಂಜೊ ಕಾಸೆ. ಅದನ್ನು ಅಂಟಿಸಲು ಕಲಿತ ಮಾತ್ರಕ್ಕೆ ಯಾರೂ ಕಿನಿಸಿಯಾಲಜಿಸ್ಟ್ ಆಗುವುದಿಲ್ಲ. ಅಪ್ಲೈಡ್ ಕಿನಿಸಿಯಾಲಜಿ ಎಂಬ ಇನ್ನೊಂದು ಇದೆ. 1964ರಲ್ಲಿ ಅಮೆರಿಕದ ಜಾರ್ಜ್ ಗುಡ್‌ಹಾರ್ಟ್ ಶುರುಮಾಡಿದ್ದು. ಚಾಚಿದ ಕೈಯನ್ನು ಕೆಳಕ್ಕೆ ಒತ್ತಿ ನೋಡಿ, ಯಾವ ಆಹಾರ ಆಗುವುದಿಲ್ಲ, ಯಾವ ಅಂಗ ಸರಿಯಿಲ್ಲ ಎಂದು ಹೇಳುವ ಪದ್ಧತಿ. ವೈಜ್ಞಾನಿಕ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಹೆಸರು ಒಂದೇ ಆದರೂ ವಿದ್ಯೆ ಬೇರೆ. ಹಣ ಕೊಡಬೇಡಿ.

ಹೆಜ್ಜೆ 6: ಇಬ್ಬರನ್ನೂ ಒಂದು ಚೀಟಿಯಲ್ಲಿ ಜೋಡಿಸಿ

ಫಿಸಿಯೋ ಹತ್ತಿರ ದಿನಾ ಹೋಗಬೇಕಾಗಿಲ್ಲ. ನಾನು ನಾಲ್ಕು ಸಲ ಹೋದೆ. ಕೊನೆಯ ಸಲ ಟ್ರೇನರ್‌ಗೆಂದು ಒಂದು ಚೀಟಿ ಬರೆಸಿಕೊಂಡೆ. ಏನು ಮಾಡಿಸಬಹುದು, ಏನು ಈಗ ಬೇಡ, ಯಾವಾಗ ವಾಪಸ್ ಕಳಿಸಬೇಕು, ಈ ಮೂರೂ ಅದರಲ್ಲಿ ಇರಲಿ. ನನ್ನ ಚೀಟಿಯಲ್ಲಿ ಹೀಗಿತ್ತು: ಮೀನಖಂಡ ಎಳೆಯುವ ವ್ಯಾಯಾಮ ದಿನಾ. ಊಟಕ್ಕೆ ಕೂರುವ ಮಣೆಯ ಮೇಲಿನಿಂದ ನಿಧಾನಕ್ಕೆ ಇಳಿಯುವುದು, ಕಾಲಿಗೆ ಹತ್ತು ಸಲ, ಮೊಣಗಂಟು ಒಳಕ್ಕೆ ವಾಲಬಾರದು. ಲಂಜ್ ಆರು ವಾರ ಬೇಡ. ಊತ ಬಂದರೆ, ರಾತ್ರಿ ನೋವಿಗೆ ಎಚ್ಚರವಾದರೆ ಮತ್ತೆ ಕಳಿಸಿ.

ಟ್ರೇನರ್ ಬೇಜಾರು ಮಾಡಿಕೊಂಡಾರು ಎಂದು ಹೆದರಿದ್ದೆ. ಅವರು ಎರಡು ಸಲ ಓದಿ ಫೋಟೊ ತೆಗೆದುಕೊಂಡರು. "ಇದನ್ನು ಮೊದಲೇ ಕೊಟ್ಟಿದ್ರೆ ಎಷ್ಟು ಚೆನ್ನಾಗಿತ್ತು ಮೇಡಂ" ಅಂದರು. ಮರುದಿನ ಕನ್ನಡಿಯ ಮುಂದೆ ನಿಲ್ಲಿಸಿ, ನೆಲದ ಮೇಲೆ ಕುಳಿತು, ಒಂದೊಂದು ಇಳಿತಕ್ಕೂ ನನ್ನ ಮೊಣಗಂಟು ಎತ್ತ ವಾಲುತ್ತದೆ ಎಂದು ನೋಡಿದರು. ಆರು ವಾರದ ಮೇಲೆ ಗೋಡೆಯ ಹತ್ತಿರ ಅಳೆದಾಗ ಬಲಗಾಲಿಗೆ ನಾಲ್ಕು ಬೆರಳು ಸಿಕ್ಕಿತು. ಈಗ ಹೊಸಬರು ಯಾರೇ ಸೇರಿದರೂ ಟ್ರೇನರ್ ಕೇಳುವ ಮೊದಲ ಪ್ರಶ್ನೆ, "ಹಿಂದೆ ಎಲ್ಲಾದ್ರೂ ಬಿದ್ದಿದ್ದೀರಾ?"