ವಾಲ್ವ್ ಕೊಳ್ಳುವ ಮೊದಲು ಸಾಕೆಟ್ ನೋಡಿ

ಕಳೆದ ಜುಲೈಯಲ್ಲಿ ಒಂದು ವಾರ ಬಿಡದೆ ಮಳೆ ಸುರಿಯಿತು. ಆ ವಾರವೇ ಮುಂಬಯಿ ಮಾಟುಂಗಾದ ನಮ್ಮ ಮನೆಯ, ವಾಲ್ವ್ ಎಂಬ ಗಾಜಿನ ಕೊಳವೆಗಳಿಂದ ಸದ್ದು ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರ್‌ನ ಎಡಗಡೆಯ ಸ್ಪೀಕರಿನಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದಂಥ ಸದ್ದು ಶುರುವಾಯಿತು. ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡು ತಿರುಗುತ್ತಿತ್ತು. ಅವರು ಸ್ವರ ಹಿಡಿದು ನಿಂತಲ್ಲೆಲ್ಲ ಸಾಸಿವೆ. ವಾಲ್ವಿನ ಆಯಸ್ಸು ಮುಗಿಯಿತೆಂದು ತಿಳಿದು ಮಾಟುಂಗಾ ರೋಡಿನಿಂದ ಗ್ರಾಂಟ್ ರೋಡಿಗೆ ರೈಲು ಹಿಡಿದೆ, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸ್ಪೀಕರನ್ನು ನಡೆಸುವ ಇಎಲ್84 ಎಂಬ ವಾಲ್ವ್ ಎರಡು ಹೊಸದಾಗಿ ಕೊಂಡು ತಂದೆ. ಹಾಕಿದ ಮೇಲೆ ಎರಡು ದಿನ ಶಾಂತಿ. ಮೂರನೆಯ ಸಂಜೆ ಸಾಸಿವೆ ಮತ್ತೆ ಸಿಡಿಯಿತು.

ಡೊಂಬಿವಲಿಯಲ್ಲಿರುವ ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಭಜನಾ ಮಂಡಳಿಗಳ, ಯಕ್ಷಗಾನದ ಆಟಗಳ ಧ್ವನಿವರ್ಧಕಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದವರು ಅವರು. ನನಗೆ ಬೆಸುಗೆ ಹಾಕುವುದನ್ನು ಕಲಿಸಿದವರೂ ಅವರೇ. ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟು: “ವಾಲ್ವಿನ ಮೇಲೆ ತಪ್ಪು ಹೊರಿಸುವ ಮೊದಲು ಅದು ನಿಂತಿರುವ ನೆಲ ನೋಡಿದೆಯೇನಮ್ಮಾ?”

ನೋಡಿರಲಿಲ್ಲ. ಹೊಸ ವಾಲ್ವ್ ಕೂರಿಸುವಾಗ ಅದರ ಬುಡದ ಪಿನ್ನುಗಳು ಸಾಕೆಟ್ಟಿನ, ಅಂದರೆ ವಾಲ್ವ್ ಕೂರುವ ಗೂಡಿನ, ಹಲ್ಲುಗಳನ್ನು (ಪಿನ್ ಹಿಡಿಯುವ ಲೋಹದ ಪಟ್ಟಿಗಳನ್ನು) ಉಜ್ಜಿದ್ದವು, ಎರಡು ದಿನದ ಶಾಂತಿ ಆ ಉಜ್ಜಾಟದಿಂದ ಬಂದದ್ದು. ಸಮುದ್ರದ ಉಪ್ಪುಗಾಳಿ ಬೀಸುವ ಊರಿನಲ್ಲಿ ವಾಲ್ವ್ ಕೆಡುವುದಕ್ಕಿಂತ ಸಾಕೆಟ್ ಕೊಳೆಯಾಗುವುದೇ ಹೆಚ್ಚು ಎಂದು ಈಗ ನಾನು ಒತ್ತಿ ಹೇಳುತ್ತೇನೆ. ಇಎಲ್84ರ ಎರಡನೆಯ ಪಿನ್ ಸದ್ದಿನ ಸಂಕೇತ ಒಳಹೋಗುವ ಗ್ರಿಡ್ಡಿನದು. ಅದರಲ್ಲಿ ಹರಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಲೋಹದ ಮೇಲೆ ಕಿಲುಬಿನ ತೆಳು ಪೊರೆ ಕೂತರೂ ಅದನ್ನು ಭೇದಿಸುವ ಬಲ ಅದಕ್ಕಿಲ್ಲ. ನಾಲ್ಕು ಮತ್ತು ಐದನೆಯ ಪಿನ್ನುಗಳು ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿನವು. ಅಲ್ಲಿ 0.76 ಆಂಪಿಯರ್ ಹರಿಯುತ್ತದೆ; ಹಿಡಿತ ಸಡಿಲವಾದರೆ ಪಿನ್ ಬಿಸಿಯಾಗಿ ಕಪ್ಪಾಗುತ್ತದೆ, ಒಳಗಿನ ಕೆಂಡ ಮಂಕಾಗುತ್ತದೆ.

ಕೈ ಹಾಕುವ ಮುನ್ನ ಒಂದು ಮಾತು, ಇದರಲ್ಲಿ ರಿಯಾಯಿತಿ ಇಲ್ಲ. ಈ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ಅರ್ಧ ಗಂಟೆ ಆರಲಿ. ತಳದ ತಗಡು ಬಿಚ್ಚಿದ ಮೇಲೆ 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಎರಡೂ ಕಡೆ ಇನ್ಸುಲೇಷನ್ ಇರುವ ಮೊಸಳೆ ಕ್ಲಿಪ್ ಕಟ್ಟಿ, ಮೊದಲು ಒಂದು ತುದಿಯನ್ನು ಚಾಸಿಗೆ (ಯಂತ್ರದ ಲೋಹದ ಚೌಕಟ್ಟಿಗೆ), ಆಮೇಲೆ ಇನ್ನೊಂದನ್ನು ಕೆಪಾಸಿಟರಿನ ಪ್ಲಸ್ಸಿಗೆ ಹಚ್ಚಿ. ಎಡಗೈ ಬೆನ್ನ ಹಿಂದೆ ಇರಲಿ. ಹತ್ತು ಸೆಕೆಂಡಿನ ನಂತರ ಮಲ್ಟಿಮೀಟರಿನಲ್ಲಿ ನೋಡಿ, 10 ವೋಲ್ಟಿಗಿಂತ ಕೆಳಗಿಳಿದಿರಬೇಕು. ಪ್ರತಿಯೊಂದು ಕೆಪಾಸಿಟರಿಗೂ ಹೀಗೆಯೇ. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ತಳ ಬಿಚ್ಚಬೇಡಿ. ವಾಲ್ವ್ ಬದಲಿಸಲು ಮೇಲಿನಿಂದಲೇ ಸಾಕು, ಆದರೆ ಸಾಕೆಟ್ಟಿನ ತೂತಿನೊಳಗೆ ಏನನ್ನೂ ತೂರಿಸಬೇಡಿ.

ತೆಗೆಯುವ ಮೊದಲು ಯಾವ ವಾಲ್ವ್ ಎಲ್ಲಿತ್ತೆಂದು ಗುರುತು ಮಾಡಿಕೊಳ್ಳಿ. ಒಂಬತ್ತು ಪಿನ್ನಿನ ಇಎಲ್84, ಇಸಿಸಿ83 ಎಂಬ ಸಣ್ಣ ವಾಲ್ವುಗಳ ಗಾಜನ್ನು ಹಿಡಿದು ಕೂದಲೆಳೆಯಷ್ಟು ಅತ್ತಿತ್ತ ಆಡಿಸುತ್ತ ನೇರವಾಗಿ ಮೇಲೆತ್ತಬೇಕು. ಇಎಲ್34ರಂಥ ದೊಡ್ಡ ವಾಲ್ವನ್ನು ಗಾಜಿನಿಂದ ಎಳೆಯಬೇಡಿ, ಬುಡದ ಕಪ್ಪು ಭಾಗವನ್ನು ಹಿಡಿಯಿರಿ. ಗಾಜನ್ನೂ ಬುಡವನ್ನೂ ಅಂಟಿಸಿದ ಅಂಟು ಹಳೆಯದಾದರೆ ಬಿಟ್ಟುಕೊಳ್ಳುತ್ತದೆ. ಗಾಜಿನ ಮೇಲಿನ ಅಕ್ಷರಗಳನ್ನು ಒರೆಸಲು ಹೋಗಬೇಡಿ. ಬೆರಳು ತಾಗಿದರೇ ಅಳಿಸಿಹೋಗುವ ಬಣ್ಣ ಅದು.

ನನ್ನ ವಾಲ್ವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಾಗ ಎರಡನೆಯ ಪಿನ್ನಿನ ಬುಡದಲ್ಲಿ ಬೂದುಬಣ್ಣದ ಉಂಗುರ ಕಂಡಿತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒಂದೊಂದೇ ಪಿನ್ ಒರೆಸಿದೆ. ಬಟ್ಟೆಯ ಮೇಲೆ ಕಾಡಿಗೆ ಎಳೆದಂಥ ಗೆರೆಗಳು. ಸಾಕೆಟ್ಟಿನ ತೂತುಗಳಿಗೆ ಹಲ್ಲುಸಂದಿಯ ಸಣ್ಣ ಬ್ರಷ್ಷೇ ಸರಿ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದರ ನಡುವೆ ತಂತಿ ಇರುವುದರಿಂದ ಕೆಪಾಸಿಟರ್ ಖಾಲಿಯಾದ ಮೇಲಷ್ಟೇ ಒಳಗೆ ಬಿಡಬೇಕು. ಆಲ್ಕೊಹಾಲಿನಲ್ಲಿ ಅದ್ದಿ, ಹೆಚ್ಚಿನದನ್ನು ಒರೆಸಿ, ತೂತಿಗೆ ನಾಲ್ಕೈದು ಸಲ ಆಡಿಸಿ. ಮರಳು ಕಾಗದ ಬೇಡವೇ ಬೇಡ, ಪಿನ್ನಿನ ಮೇಲ್ಲೇಪ ಹೋದರೆ ಕಿಲುಬು ಇಮ್ಮಡಿಯಾಗಿ ಬರುತ್ತದೆ. ಹಲ್ಲುಗಳು ಅಗಲವಾಗಿ ವಾಲ್ವ್ ಸಡಿಲವಾಗಿ ಕೂರುತ್ತಿದ್ದರೆ ಸಣ್ಣ ಹೊಲಿಗೆ ಸೂಜಿಯಿಂದ ಪ್ರತಿ ಹಲ್ಲನ್ನೂ ಒಂದಿಷ್ಟು ಒಳಕ್ಕೆ ಒತ್ತಬೇಕು. ಆಲ್ಕೊಹಾಲ್ ಪೂರ್ತಿ ಆರಲಿ, ಅದು ಬೆಂಕಿ ಹಿಡಿಯುವ ವಸ್ತು. ಆಮೇಲೆ ವಾಲ್ವನ್ನು ಐದಾರು ಸಲ ಹಾಕಿ ತೆಗೆದು ಕೊನೆಗೆ ಕೂರಿಸಿ. ನಾನು ಹಳೆಯ ವಾಲ್ವುಗಳನ್ನೇ ಮರಳಿ ಹಾಕಿದೆ. ಸಾಸಿವೆ ನಿಂತಿತು, ಮತ್ತೆ ಬಂದಿಲ್ಲ.

ವಾಲ್ವೇ ಕೆಟ್ಟಿದ್ದರೆ ಅದೂ ಗೊತ್ತಾಗುತ್ತದೆ. ಗಾಜಿನ ನೆತ್ತಿಯ ಬೆಳ್ಳಿಬಣ್ಣದ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದು ಸತ್ತಂತೆಯೇ. ಗಾಜಿನ ಒಳಮೈಗೆ ಅಂಟಿದ ನೀಲಿ ಹೊಳಪಿಗೆ ಹೆದರಬೇಕಾಗಿಲ್ಲ. ತಗಡುಗಳ ನಡುವೆ ನೇರಳೆ ಮಂಜು ತುಂಬಿದರೆ ತೆಗೆದುಬಿಡಿ. ಸಣ್ಣ ವಾಲ್ವನ್ನು ಪೆನ್ಸಿಲಿನ ತುದಿಯಿಂದ ಮೆಲ್ಲಗೆ ತಟ್ಟಿ, ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದರೆ ಅದರ ಒಳಗಿನ ಭಾಗಗಳು ಸಡಿಲವಾಗಿವೆ. ಅನುಮಾನವಿದ್ದರೆ ಯಂತ್ರ ಆರಿಸಿ, ತಣಿದ ಮೇಲೆ ಎಡಬಲದ ವಾಲ್ವುಗಳನ್ನು ಅದಲುಬದಲು ಮಾಡಿ: ಸದ್ದು ವಾಲ್ವಿನ ಜೊತೆ ಹೋದರೆ ತಪ್ಪು ವಾಲ್ವಿನದು, ಇದ್ದಲ್ಲೇ ಇದ್ದರೆ ಸಾಕೆಟ್ಟಿನದೋ ಅದರ ಸುತ್ತಲಿನದೋ. ಪ್ಲೇಟು (ವಾಲ್ವಿನೊಳಗಿನ ಹೊರಸುತ್ತಿನ ತಗಡು) ಕೆಂಪಗೆ ಕಾಯ್ದರೆ ಮಾತ್ರ ಯೋಚಿಸುತ್ತ ನಿಲ್ಲಬೇಡಿ, ತಕ್ಷಣ ಆರಿಸಿ. ಗ್ರಿಡ್ ಪಿನ್ ಸಂಪರ್ಕ ತಪ್ಪಿರಬಹುದು, ಹಿಂದಿನ ಹಂತದಿಂದ ಸಂಕೇತ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ವಿದ್ಯುತ್ ಸೋರಿಸುತ್ತಿರಬಹುದು. ಕಾರಣ ತಿಳಿಯದೆ ಹೊಸ ವಾಲ್ವ್ ಹಾಕಿದರೆ ಅದೂ ಸುಡುತ್ತದೆ.

ಕೊಳ್ಳುವಾಗ, ಎರಡು ವಾಲ್ವುಗಳು ಸರದಿಯಂತೆ ಕೆಲಸ ಹಂಚಿಕೊಳ್ಳುವ ಪುಶ್‌ಪುಲ್ ಆಂಪ್ಲಿಫೈಯರಿಗೆ ಜೋಡಿ ಹೊಂದಿಸಿದ ವಾಲ್ವುಗಳೇ ಬೇಕು. ಜೋಡಿ ಎಂಬ ಚೀಟಿ ನಂಬದೆ ಅಳೆದು ನೋಡಿ. ನಮ್ಮದರಲ್ಲಿ ಪ್ರತಿ ಇಎಲ್84ರ ಕ್ಯಾಥೋಡಿಗೂ (ಎಲೆಕ್ಟ್ರಾನ್ ಹೊರಡುವ ಭಾಗಕ್ಕೂ) 270 ಓಮಿನ ರೆಸಿಸ್ಟರ್ ಇದೆ. ಯಂತ್ರ ಆರಿಸಿದಾಗಲೇ ಮೀಟರಿನ ಕ್ಲಿಪ್ಪುಗಳನ್ನು ಅದರ ಎರಡು ತುದಿಗೆ ಸಿಕ್ಕಿಸಿ, ಸ್ಪೀಕರ್ ಜೋಡಿಸಿ, ಆಮೇಲೆ ಹಚ್ಚಿ ಅರ್ಧ ಗಂಟೆ ಕಾಯುತ್ತೇನೆ. 10.8 ವೋಲ್ಟ್ ಬಂದರೆ 270ರಿಂದ ಭಾಗಿಸಿ 40 ಮಿಲಿಆಂಪಿಯರ್. ಸ್ಕ್ರೀನ್ ಎಂಬ ಇನ್ನೊಂದು ಗ್ರಿಡ್ಡಿನ ಪಾಲು ನಾಲ್ಕೈದು ಕಳೆದರೆ ಪ್ಲೇಟಿಗೆ ಸುಮಾರು 35; 300 ವೋಲ್ಟಿನಲ್ಲಿ ಅದು 10.5 ವ್ಯಾಟ್, ಈ ವಾಲ್ವಿನ 12 ವ್ಯಾಟಿನ ಮಿತಿಯ ಒಳಗೆ. ಜೋಡಿಯ ನಡುವೆ 4 ಮಿಲಿಆಂಪಿಯರಿಗಿಂತ ಹೆಚ್ಚು ಅಂತರ ಬಂದರೆ ನಾನು ಅಂಗಡಿಗೆ ಹಿಂದಿರುಗಿಸುತ್ತೇನೆ. ವಾಲ್ವಿನ ಕರೆಂಟು ಹೊಂದಿಸುವ ಬಯಾಸ್ ತಿರುಪು ಇರುವ ಯಂತ್ರಗಳಲ್ಲಿ ತಯಾರಕರು ಕೊಟ್ಟ ಅಂಕಿಗೇ ತಿರುಗಿಸಬೇಕು. ಸ್ಪೀಕರ್ ಇಲ್ಲದೆ ಯಾವತ್ತೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಹಳೆಯ ಸರಕಿನ ರಾಶಿಯಲ್ಲಿ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹೆಸರಿನ ವಾಲ್ವ್ ಕಂಡರೆ ಬಿಡಬೇಡಿ. ಜಾಲಹಳ್ಳಿಯಲ್ಲಿ ಗಾಜು ಊದಿ ಇವನ್ನು ಮಾಡುತ್ತಿದ್ದ ಕಾಲವೊಂದಿತ್ತು ಎಂಬುದು ನನಗೆ ಇವತ್ತಿಗೂ ಹೆಮ್ಮೆ. ನಮ್ಮ ಯಂತ್ರದ ಇಸಿಸಿ83 ಅಲ್ಲಿಯದೇ.

ಹಳೆಯ ಯಂತ್ರದ ಹಿಂದೆ 220, 240 ಎಂಬ ವೋಲ್ಟೇಜ್ ಆಯ್ಕೆ ಇದ್ದರೆ 240ಕ್ಕೆ ಇಡಿ. ಮನೆಗೆ 240 ಬರುವಾಗ 220ರಲ್ಲಿಟ್ಟರೆ 6.3 ವೋಲ್ಟಿನ ಹೀಟರಿಗೆ 6.9ರ ಹತ್ತಿರ ಹೋಗುತ್ತದೆ, ಆಯಸ್ಸು ಕುಗ್ಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆರಡು ಸಂಜೆ ಒಂದೊಂದು ಗಂಟೆಯಾದರೂ ಯಂತ್ರ ಹಚ್ಚುತ್ತೇನೆ, ಒಳಗಿನ ತೇವ ಆ ಬಿಸಿಗೆ ಹೋಗುತ್ತದೆ. ಆರಿಸಿ ಪೂರ್ತಿ ತಣಿದ ಮೇಲೆ ಹತ್ತಿಬಟ್ಟೆ ಹೊದಿಸುತ್ತೇನೆ. ಆ ಹೊಸ ಎರಡು ಇಎಲ್84 ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಿಯಲ್ಲಿವೆ, ಮುಚ್ಚಳದ ಮೇಲೆ ಅವುಗಳ ಕ್ಯಾಥೋಡಿನ ಅಳತೆ ಬರೆದಿದೆ: 10.6, 10.9 ವೋಲ್ಟ್.